ಬೆಂಚಿನ ನಡುವಿನ ತಗ್ಗು

ಹುರಿ ಹೆಣೆದ ಸೀಟಿನ ಹಳೆಯ ಸ್ಕ್ಯಾಂಡಿನೇವಿಯನ್ ಬೆಂಚೇ ಬೇಕೆಂದು ಹಟ ಹಿಡಿದವನು ನಾನು. ಕೂತಲ್ಲಿ ಕೂರದ ಗಂಡ ಕೂತರೆ ಸಾಕೆಂದು ಹೆಂಡತಿ ಒಪ್ಪಿದಳು. ಹೆಣೆಯುವವನೊಬ್ಬ ಹಳೇ ಹುರಿ ಕಿತ್ತು, ಹೊಸದರಿಂದ ಸೀಟು ಬಿಗಿದುಕೊಟ್ಟ.

ವಾರದೊಳಗೆ ಸೀಟು ಮೂರು ಕಡೆ ತಗ್ಗಿತು. ನಾವು ಕೂರುತ್ತಿದ್ದುದು ಎರಡು ತುದಿಗಳಲ್ಲಿ ಮಾತ್ರ. ನಡುವಿನ ತಗ್ಗು ಮುಟ್ಟಿದರೆ, ಯಾರೋ ಆಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

ಮತ್ತೆ ಬಿಗಿಯಲು ಬಂದ ಹೆಣೆಯುವವನು, "ನಡುವೆ ಕೂರೋರು ಒಳ್ಳೇ ಭಾರ ಇದಾರೆ ಸಾರ್," ಎಂದ.

"ಮನೇಲಿರೋದು ನಾವಿಬ್ರೇ ಕಣಪ್ಪಾ!"

"ರೀ, ಅದು ಹೋಗ್ಬೇಕು, ಇಲ್ಲಾ ನಾನು ಹೋಗ್ಬೇಕು," ಎಂದಳು ಹೆಂಡತಿ.

ಅದೇ ಹೋಯಿತು. ಹೊಸ ಕಾಲದ, ಹುರಿಯೇ ಇಲ್ಲದ, ಬರೀ ಮರದ ಬೆಂಚು ಬಂತು. ಮರ ತಗ್ಗುವುದಿಲ್ಲ, ನಿಜ. ಆದರೆ ಇವತ್ತು ಮಧ್ಯಾಹ್ನ ಇಬ್ಬರೂ ಹೊರಗಿಂದ ಬಂದ ಮೇಲೆ ನಾನು ಬೆಂಚು ಒರೆಸುವಾಗ, ತುದಿಗಳೆರಡೂ ತಣ್ಣಗಿದ್ದವು. ನಡು ಬೆಚ್ಚಗಿತ್ತು.

ಹೆಂಡತಿಗೆ ಇನ್ನೂ ಹೇಳಿಲ್ಲ.