ಕೂದಲು ಸುತ್ತಿದ ಫಿಲ್ಮಿನ ತುಂಡು

"ಆ ಡಬ್ಬಿ ಒಂದನ್ನ ಬಿಟ್ಟು ಬೇರೆ ಏನು ಬೇಕಾದರೂ ಮುಟ್ಟಿ" ಎಂದು ಉಗ್ರಾಣದ ಮೇಡಂ ಹೇಳಿದಾಗ ಸಂಕಲನಕಾರ ನಕ್ಕುಬಿಟ್ಟ. ನಗಬಾರದಿತ್ತು. ಆಕೆ ತಮಾಷೆಗೆ ಹೇಳಿದ ಮಾತಲ್ಲ ಅದು.

ಮುಚ್ಚಿಹೋದ ಗಾಜಿನ ಕಾರ್ಖಾನೆಯ ಹಳೆಯ ಫಿಲ್ಮುಗಳನ್ನು ಕೂಡಿಟ್ಟ ಉಗ್ರಾಣ ಅದು. ಕುಲುಮೆ ಹೊತ್ತಿಸಿದ ದಿನ, ಮೊದಲ ಲಾರಿ ಹೊರಟ ದಿನ, ಪಾಳಿ ಮುಗಿಸಿ ಗೇಟಿನಿಂದ ಹೊರಬರುವ ಕೆಲಸಗಾರರು, ಹೀಗೆ ಹಿಂದಿನ ಯಜಮಾನರು ಕಂಡದ್ದನ್ನೆಲ್ಲ ಫಿಲ್ಮಿಗೆ ಹಿಡಿಸಿದ್ದರು. ಊರಿನ ಚರಿತ್ರೆಯಾದರೂ ಉಳಿಯಲಿ ಎಂದು ಅವನ್ನೆಲ್ಲ ಹೊಸ ಕ್ಯಾಮೆರಾಕ್ಕೆ ಇಳಿಸಿಕೊಡಲು ಸಂಕಲನಕಾರನೂ ಅವನ ಹೆಂಡತಿಯೂ ಬಂದಿದ್ದರು. ಬೂಷ್ಟು, ಧೂಳು ಒರೆಸುವುದು ಅವಳ ಕೆಲಸ. ಹರಿದದ್ದನ್ನು ಅಂಟಿಸಿ, ಗೋಡೆಯ ಮೇಲೆ ಓಡಿಸಿ, ಎದುರಿಗೆ ಕ್ಯಾಮೆರಾ ಇಟ್ಟು ಹಿಡಿದುಕೊಳ್ಳುವುದು ಅವನದು. ಫಿಲ್ಮು ಓಡುವಾಗ ಅವನ ಕಣ್ಣು ಕ್ಯಾಮೆರಾ ಬಿಟ್ಟು ಕದಲುತ್ತಿರಲಿಲ್ಲ. ರೀಲು ಮುಗಿಯುವವರೆಗೆ ಮಾತಾಡಿಸಬಾರದೆಂಬುದು ಅವನ ಕಟ್ಟಪ್ಪಣೆ. ಅವನ ಅಪ್ಪ ಆಸ್ಪತ್ರೆ ಸೇರಿದ ಸುದ್ದಿಯನ್ನೂ ರೀಲು ಮುಗಿದ ಮೇಲೆಯೇ ಹೇಳಿದ್ದಳು, ಪುಣ್ಯಾತ್ಗಿತ್ತಿ.

"ಅಂಥದ್ದೇನಿದೆ ಮೇಡಂ ಅದರಲ್ಲಿ?" ಎಂದು ಕೇಳಿದವಳು ಅವಳೇ.

ಮೇಡಂ ಅವಳನ್ನು ಕನಿಕರವಿಲ್ಲದ ಕಣ್ಣಿನಿಂದ ನೋಡಿದರು. "ಒಬ್ಬ ಕೆಲಸದವನು ಹಲಗೆ ಮೇಲಿಂದ ಜಾರಿ ಕರಗಿದ ಗಾಜಿಗೆ ಬಿದ್ದ. ಕ್ಯಾಮೆರಾದವನು ಕೈಗೆಟುಕೋ ದೂರದಲ್ಲೇ ಇದ್ದ. ಕೈ ಚಾಚಲಿಲ್ಲ. ತೆಗೀತಾನೇ ನಿಂತ. ಸತ್ತವನ ಹೆಂಡತಿ ಆ ತುಂಡನ್ನ ಕತ್ತರಿಸಿಕೊಂಡು ಹೋಗಿ ಮಾಟ ಮಾಡಿಸಿದಳು. ಅದನ್ನ ಮತ್ತೆ ಜೋಡಿಸಿ ನೋಡಿದವನು, ತನ್ನವರು ಸುಟ್ಟುಹೋಗೋವಾಗ ನೋಡ್ತಾನೇ ನಿಲ್ಲಬೇಕು ಅಂತ. ಕ್ಯಾಮೆರಾದವನು ಒಂದು ಸಲ ಜೋಡಿಸಿ ನೋಡಿದ. ಅವನ ಮಗು ಮನೆ ಒಳಗೆ ಬೆಂಕಿಗೆ ಸಿಕ್ಕಿತು. ಅವನು ಬಾಗಿಲಲ್ಲೇ ನಿಂತಿದ್ದನಂತೆ. ಆಮೇಲೆ ಅವಳೇ ಅದನ್ನ ಮತ್ತೆ ಕತ್ತರಿಸಿ ಕಟ್ಟಿ ಈ ಡಬ್ಬೀಲಿಟ್ಟಳು."

"ಮಾಟಕ್ಕೂ ಅಂಟು ಬೇಕಾ ಮೇಡಂ? ಜೋಡಿಸದೆ ಇದ್ರೆ ಹಿಡಿಯೋದಿಲ್ವಾ?" ಎಂದ ಸಂಕಲನಕಾರ. ಹೆಂಡತಿ ಕಿಸಕ್ಕನೆ ನಕ್ಕಳು. ಮೇಡಂ ಬೀಗದ ಕೈ ಮೇಜಿನ ಮೇಲೆ ಕುಕ್ಕಿ ಹೊರಟುಹೋದರು.

ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಕಸುಬೇ ಅವನನ್ನು ಬಿಡಲಿಲ್ಲ. ಮೂಲ ರೀಲಿನಲ್ಲಿ ಕೆಲಸಗಾರ ಹಲಗೆಯ ಮೇಲೆ ಕಾಲೆತ್ತುತ್ತಾನೆ. ಮರುಕ್ಷಣವೇ ಹಲಗೆ ಖಾಲಿ. ಚಿತ್ರದ ಆ ಜಿಗಿತ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವನನ್ನು ಕಾಡಿತು. ಇರುವ ತುಂಡನ್ನು ಡಬ್ಬಿಯಲ್ಲಿಟ್ಟು ಕುಂಟು ಫಿಲ್ಮನ್ನು ಒಪ್ಪಿಸುವವನು ಎಂಥ ಸಂಕಲನಕಾರ? ಮಧ್ಯಾಹ್ನ ಮೇಡಂ ಊಟಕ್ಕೆ ಹೋದದ್ದೇ ತಡ, ಡಬ್ಬಿಯ ಮುಚ್ಚಳ ಮೀಟಿದ.

ಒಳಗೆ ಬೂದಿ. ಬೂದಿಯಲ್ಲಿ ತುಕ್ಕು ಹಿಡಿದ ಸೂಜಿಗಳು. ನಡುವೆ, ಉದ್ದನೆಯ ಹೆಣ್ಣುಗೂದಲು ಬಿಗಿಯಾಗಿ ಸುತ್ತಿದ ಫಿಲ್ಮಿನ ತುಂಡು. ಎಷ್ಟು ಕಾಲದ್ದೋ ಏನೋ, ಕೂದಲಿಗೆ ಇನ್ನೂ ಎಣ್ಣೆಯ ಜಿಡ್ಡಿತ್ತು. ಸುಟ್ಟ ಕೂದಲಿನ ಕಮಟು ಕೋಣೆಯನ್ನೆಲ್ಲ ತುಂಬಿತು.

"ರೀ, ಇಟ್ಬಿಡಿ. ವಾಸನೆ ಯಾಕೋ ಸರಿ ಇಲ್ಲ."

"ನೀನೂ ಶುರು ಮಾಡಿದ್ಯಾ? ಆಯಮ್ಮ ಎತ್ತು ಈಯ್ತು ಅಂದ್ಲು, ನೀನು ಕೊಟ್ಟಿಗೇಲಿ ಕಟ್ಟು ಅಂತೀಯ."

ಅವಳಿಗೆ ನಾಚಿಕೆಯಾಯಿತು. ನಕ್ಕು, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಒರೆಸುವ ಬಟ್ಟೆ ಹಿಡಿದು ಒಳಕೋಣೆಗೆ ಹೋದಳು. ಹಳೆಯ ಫಿಲ್ಮುಗಳ ರಾಶಿ ಇದ್ದುದು ಅಲ್ಲಿ. ಕಿಡಿ ಸೋಕಿದರೆ ಸಾಕು, ನೀರಿಗೂ ಆರದೆ ಉರಿಯುವ ಜಾತಿ. ಅದಕ್ಕೆಂದೇ ಆ ಕೋಣೆಗೊಂದು ಕಬ್ಬಿಣದ ಬಾಗಿಲು, ಸೀಸದ ಕೊಂಡಿಯಿಂದ ಮೇಲೆ ತೂಗುತ್ತಿತ್ತು. ಬಿಸಿ ತಾಗಿ ಸೀಸ ಕರಗಿದರೆ ಬಾಗಿಲು ತಾನೇ ಕೆಳಗೆ ಬೀಳುತ್ತದೆ. ಎತ್ತುವ ಹಿಡಿ ಇರುವುದು ಹೊರಗಡೆ ಮಾತ್ರ. ಕಟ್ಟಡ ಉಳಿಯಲೆಂದು ಮಾಡಿದ ಬಾಗಿಲು ಅದು, ಒಳಗಿರುವವರ ಚಿಂತೆ ಅದನ್ನು ಮಾಡಿದವರಿಗಿರಲಿಲ್ಲ.

ಅವನು ಬ್ಲೇಡಿನಿಂದ ಕೂದಲು ಕತ್ತರಿಸಿದ. ತುಂಡನ್ನು ಅದರ ಜಾಗಕ್ಕೆ ಜೋಡಿಸಿ ಅಂಟಿಸಿದ. ಕಪ್ಪು ಪರದೆ ಎಳೆದ. ಯಂತ್ರ ಗರಗರ ಎಂದಿತು. ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿದ.

ಗೇಟು. ಕುಲುಮೆ. ಹಲಗೆಯ ಮೇಲೆ ಕೆಲಸಗಾರ. ಕಾಲೆತ್ತಿದ. ಈ ಸಲ ಜಿಗಿತವಿಲ್ಲ. ಕಾಲು ಜಾರಿತು. ಮೇಲೆದ್ದ ಕೈಯೊಂದು ಬೆರಳು ಬಿಡಿಸಿ ಏನನ್ನೋ ಹುಡುಕಿತು. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ಕ್ಯಾಮೆರಾದವನು ಎಂಥ ಗಟ್ಟಿಗ, ಎಂದುಕೊಂಡ ಸಂಕಲನಕಾರ. ಅಯ್ಯೋ, ಅದನ್ನೇ ಎಂದುಕೊಂಡ.

ಚಿತ್ರ ಬದಲಾಯಿತು.

ಒಂದು ಕೋಣೆ. ಡಬ್ಬಿಗಳ ರಾಶಿ. ಬಗ್ಗಿ ಏನನ್ನೋ ಒರೆಸುತ್ತಿರುವ ಹೆಂಗಸಿನ ಬೆನ್ನು. ಜಡೆಯಲ್ಲಿ ಪೆನ್ಸಿಲ್.

ಅವಳ ಹಿಂದಿನ ಡಬ್ಬಿಯೊಂದು ಕೆಂಪಗೆ ಕಾಯತೊಡಗಿತು.

ಗೋಡೆಯ ಮೇಲಿನ ಚಿತ್ರದಲ್ಲಿ ಬೆಂಕಿ ಎದ್ದಿತು. ಅದೇ ಗಳಿಗೆಗೆ ಅವನ ಬೆನ್ನ ಹಿಂದೆ ಒಳಕೋಣೆ ಭುಗ್ಗೆಂದಿತು. ಕತ್ತಿನ ಹಿಂಭಾಗಕ್ಕೆ ಶಾಖ ರಾಚಿತು. ಕಬ್ಬಿಣದ ಬಾಗಿಲು ಧಡಾರನೆ ಬಿತ್ತು.

"ರೀ! ಬಾಗಿಲು! ಬಾಗಿಲು ರೀ!"

ತಿರುಗಬೇಕು. ಕತ್ತು ತಿರುಗಲಿಲ್ಲ. ಕಾಲು ಕೀಳಬೇಕು. ಕಾಲು ನೆಲಕ್ಕೆ ಕಚ್ಚಿಕೊಂಡಿತ್ತು. ಕೂಗಲು ನಾಲಿಗೆ ಏಳಲಿಲ್ಲ. ರೆಪ್ಪೆ ಮುಚ್ಚಲಿಲ್ಲ. ಹಿಡಿ ನಾಲ್ಕು ಹೆಜ್ಜೆಯಾಚೆ ಇತ್ತು. ಗೋಡೆಯ ಮೇಲೆ ಅವಳು ಬಾಗಿಲು ಬಡಿದಳು. ಬೆನ್ನ ಹಿಂದೆ ಅದೇ ಬಡಿತ. ಗೋಡೆಯ ಮೇಲೆ ಕೈಗೆ ಬೆಂಕಿ ಹತ್ತಿತು. ಬೆನ್ನ ಹಿಂದೆ ಅವಳ ಧ್ವನಿ ಧ್ವನಿಯಾಗಿ ಉಳಿಯಲಿಲ್ಲ. ಸುಟ್ಟ ಕೂದಲಿನ ಕಮಟು ಗಂಟಲಿಗಿಳಿಯಿತು.

ಆಗ ಬೆರಳುಗಳು ಕದಲಿದವು. ಬೆರಳುಗಳು ಮಾತ್ರ. ಅವು ತಾವಾಗಿ ಲೆನ್ಸನ್ನು ತಿರುಗಿಸಿದವು. ಹೊಗೆಯಲ್ಲಿ ಮಸುಕಾಗಿದ್ದ ಅವಳ ಮುಖವನ್ನು ಸ್ಪಷ್ಟ ಮಾಡಿದವು.

ಯಾರೋ ಓಡಿ ಬಂದರು. ಹಿಡಿ ಎತ್ತಿದ ಸದ್ದು. ಮೇಡಂ ಬಯ್ಯುತ್ತ, ಕೆಮ್ಮುತ್ತ ಏನನ್ನೋ ಹೊರಕ್ಕೆ ಎಳೆಯುತ್ತಿದ್ದರು. ರೀಲು ಮುಗಿದು ಫಿಲ್ಮಿನ ತುದಿ ಪಟಪಟ ಬಡಿಯಿತು. ಆಮೇಲಷ್ಟೇ ಅವನು ನೆಲಕ್ಕೆ ಕುಸಿದ.

ಅವಳು ಬದುಕಿದಳು. ಭುಜದವರೆಗೆ ಬ್ಯಾಂಡೇಜು ಸುತ್ತಿದ ಎರಡು ಕೈಗಳು ಹಾಸಿಗೆಯ ಮೇಲೆ ಅವಳವಲ್ಲದವುಗಳಂತೆ ಬಿದ್ದಿದ್ದವು. ಅವನು ದಿನವೂ ಹೋಗಿ ಅತ್ತ. ಮಾಟ ಕಣೇ, ಮೈ ನನ್ನ ಮಾತು ಕೇಳಲಿಲ್ಲ, ಎಂದ. ಅವಳು ಕಣ್ಣು ಮುಚ್ಚಿಕೊಂಡಳು. ನೀವಾದರೂ ಬಂದು ಅವಳಿಗೆ ಹೇಳಿ ಎಂದು ಮೇಡಂ ಕಾಲು ಹಿಡಿದ. "ನನ್ನ ಮಾತಿಗೆ ಇಬ್ಬರೂ ಸೇರಿ ನಕ್ಕಿದ್ರಲ್ಲ. ಸಾಕು, ನಡೀರಿ" ಎಂದು ಆಕೆ ಬಾಗಿಲು ಹಾಕಿಕೊಂಡರು.

ಸಾಕ್ಷಿಯಾಗಿ ಉಳಿದದ್ದು ಕ್ಯಾಮೆರಾ ಒಂದೇ. ಗೋಡೆಯ ಮೇಲೆ ಕಂಡದ್ದೆಲ್ಲ ಅದರಲ್ಲಿ ಇದ್ದೇ ಇರಬೇಕು. ಮೊದಲು ತಾನೊಮ್ಮೆ ನೋಡುವ ತಾಳ್ಮೆಯೂ ಇಲ್ಲದೆ ಅದನ್ನು ಹಾಸಿಗೆಯ ಹತ್ತಿರ ಹಿಡಿದು ಹಚ್ಚಿದ.

ಗೇಟು ಬಂತು. ಕುಲುಮೆ ಬಂತು. ಹಲಗೆಯವನು ಕಾಲೆತ್ತಿದ. ಆಮೇಲೆ ಬರಿಯ ಕಪ್ಪು. ಕಪ್ಪು ಕಳೆದು ಕೆಲಸಗಾರರು ನಗುತ್ತ, ಟೋಪಿ ಬೀಸುತ್ತ ಗೇಟಿನಿಂದ ಹೊರಗೆ ಬಂದರು. ಕೋಣೆಯಿಲ್ಲ, ಬೆಂಕಿಯಿಲ್ಲ. ಆದರೆ ಸದ್ದು ಪೂರ್ತಿ ಇತ್ತು. "ರೀ! ಬಾಗಿಲು ರೀ!" ಬಡಿತ. ಚೀರಾಟ. ಅದರ ನಡುವೆ, ಕ್ಯಾಮೆರಾಕ್ಕೆ ತೀರ ಹತ್ತಿರದಲ್ಲಿ, ಲೆನ್ಸು ತಿರುಗಿಸುವ ಮೆಲ್ಲನೆಯ ಕಿರಕಿರ.

ಆರಿಸಲು ಹೋದ. "ಇರಲಿ" ಎಂದಳು. ಕೊನೆಯವರೆಗೂ ಕೇಳಿದಳು.

"ಮಾಟ ಕಣೇ. ನಿನ್ನಾಣೆಗೂ ಮಾಟ."

"ಮಾಟ ಅಂತ ನಂಬೋಕೆ ನಂಗೂ ಆಸೆ ರೀ" ಎಂದಳು. ಗಂಟಲು ಇನ್ನೂ ಒಡೆದೇ ಇತ್ತು. "ನಂಬಿದ್ರೆ ನಿಮ್ಮ ಜೊತೆ ಮನೆಗೆ ಬರಬಹುದಿತ್ತು."

ಮುಖ ಆಚೆ ತಿರುಗಿಸಿ, ತನ್ನ ಅಣ್ಣನಿಗೆ ಫೋನು ಮಾಡಿಕೊಡುವಂತೆ ನರ್ಸಮ್ಮನಿಗೆ ನಂಬರು ಹೇಳತೊಡಗಿದಳು.