ಕುಂಬಾರ ಮಾಡಿದ ಮಷೀನು

"ಇನ್ಮೇಲೆ ನೀವು ಇಲ್ಲಿಗೆ ಬರೋದೇ ಬೇಕಾಗಿಲ್ಲ ರೀ," ಎಂದ. ಅದನ್ನು ನಗುತ್ತಾ ಬೇರೆ ಹೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಹೆಣ್ಣುಮಗಳು ಬೆಳಬೆಳಗ್ಗೆ ನೀಟಾಗಿ ತಲೆ ಬಾಚಿಕೊಂಡು, ಇದ್ದುದರಲ್ಲಿ ಚೆನ್ನಾಗಿರುವ ಬಟ್ಟೆ ಹಾಕಿಕೊಂಡು ಮೇಜಿನ ಮುಂದೆ ಬಂದು ನಿಂತರೆ ಆಡುವ ಮಾತೇ ಇದು?

ಅವನು ಯಾರು, ನಾನು ದಿನಾ ಅಲ್ಲಿಗೆ ಯಾಕೆ ಹೋಗುತ್ತಿದ್ದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಕ್ಲೌಡ್ ಸಾಫ್ಟ್‌ವೇರ್ ಕಂಪನಿ. ಜನ ತಮ್ಮ ಫೋಟೊ, ಕಾಗದಪತ್ರವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಇಟ್ಟು ನೆಮ್ಮದಿಯಾಗಿ ಮಲಗುತ್ತಾರಲ್ಲ, ಅವನ್ನು ಕಾಪಾಡುವ ಸಾಫ್ಟ್‌ವೇರ್. ನಾನು ಟೆಸ್ಟರ್. ಹೊಸದಾಗಿ ಬರೆದದ್ದು ಜನರ ಕೈಗೆ ಹೋಗುವ ಮೊದಲು ಅದಕ್ಕೆ ಕೊಡಬಾರದ ಹಿಂಸೆ ಕೊಟ್ಟು ನೋಡುವುದು ನನ್ನ ಕೆಲಸ. ಅದಕ್ಕೆ ದಿನವೂ ಹೊಸ ವರ್ಚುವಲ್ ಮಷೀನು ಬೇಕು. ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಕೈಗೆ ಸಿಗುವುದಿಲ್ಲ, ಆದರೆ ನಿಜವಾದದ್ದರ ಹಾಗೆಯೇ ಓಡುತ್ತದೆ. ಸಂಜೆಯೊಳಗೆ ಅದನ್ನು ಕೆಡಿಸಿ ಕುಲಗೆಡಿಸಿದರೂ ಯಾರಪ್ಪನ ಗಂಟೂ ಹೋಗುವುದಿಲ್ಲ.

ಆ ಮಷೀನುಗಳನ್ನು ಒಂದೊಂದಾಗಿ ಕೈಯಾರೆ ಮಾಡಿಕೊಡುತ್ತಿದ್ದವನು ಇವನು. ಹಗಲೆಲ್ಲ ಮಾಡುವುದೇ ಕೆಲಸವಾದ್ದರಿಂದ ಆಫೀಸಿನವರು ಕುಂಬಾರ ಎಂದು ಕರೆಯುತ್ತಿದ್ದರು. ಅವನು ಮಾಡಿದ್ದನ್ನೆಲ್ಲ ಒಡೆಯುವ ನನಗೆ ಏನು ಹೆಸರಿಟ್ಟಿರಬೇಕು, ನೀವೇ ಊಹಿಸಿ. ದೊಣ್ಣೆ!

"ಏನ್ ದೊಣ್ಣೆಯವರೇ, ನಿನ್ನೆದೂ ಒಡೆದು ಹಾಕಿದ್ರಾ?" ಎಂದು ಕಣ್ಣೆತ್ತದೆ ಕೇಳುತ್ತಿದ್ದ.

"ಗಟ್ಟಿಯಾಗಿ ಮಾಡಿದ್ರೆ ಯಾಕೆ ಒಡೆಯತ್ತೆ?"

ಆಗ ಕಣ್ಣೆತ್ತುತ್ತಿದ್ದ. ಮೊದಲು ಕಣ್ಣು ನಗುತ್ತಿತ್ತು, ತುಟಿಗೆ ಸುದ್ದಿ ಸ್ವಲ್ಪ ತಡವಾಗಿ ಮುಟ್ಟುತ್ತಿತ್ತು. ಆ ನಡುವಿನ ಗಳಿಗೆಗಾಗಿಯೇ ನಾನು ಅಷ್ಟು ದೂರ ನಡೆದು ಬರುತ್ತಿದ್ದೆ ಎಂದರೆ ಸುಳ್ಳಲ್ಲ.

ಮಷೀನು ಏಳಲು ಹೊತ್ತು ಹಿಡಿಯುತ್ತಿತ್ತು. ನಾನು ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಗೊಣಗುತ್ತಿದ್ದೆ. ಗೊಣಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಕ್ಷರ ಇರುವೆ ಸಾಲಿನ ಹಾಗಿದೆ, ಕಣ್ಣು ನೋಯುತ್ತದೆ. ಪರದೆ ಇಷ್ಟು ಬೆಳ್ಳಗೆ ಯಾಕೆ? ನಾನು ಎಡಚಿ, ಈ ಮೌಸು ಬಲಗೈಯವರಿಗೆ ಮಾಡಿದ್ದು. ಅವನು ಹೂಂ ಹೂಂ ಎನ್ನುತ್ತಾ ಟೈಪ್ ಮಾಡುತ್ತಿದ್ದ. ಮಾರನೆಯ ದಿನದ ಮಷೀನಿನಲ್ಲಿ ಅಕ್ಷರ ದೊಡ್ಡದಾಗಿರುತ್ತಿತ್ತು, ಪರದೆ ತಂಪಾಗಿರುತ್ತಿತ್ತು, ಮೌಸಿನ ಗುಂಡಿಗಳು ಅದಲುಬದಲಾಗಿ ನನ್ನ ಎಡಗೈ ಬೆರಳಿಗೆ ಒಪ್ಪುವ ಹಾಗಿರುತ್ತಿದ್ದವು. ಮಾಡಿದ್ದೇನೆ ಎಂದು ಒಂದು ಮಾತೂ ಹೇಳುತ್ತಿರಲಿಲ್ಲ. ನಾನೂ ಥ್ಯಾಂಕ್ಸ್ ಹೇಳದೆ ಇನ್ನೊಂದು ಗೊಣಗಾಟ ಶುರುಮಾಡುತ್ತಿದ್ದೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದರ ಮೇಲೆ ನಮ್ಮ ಮ್ಯಾನೇಜರಮ್ಮನ ಕಣ್ಣು ಬಿತ್ತು. ಟೆಸ್ಟಿಂಗಿನವರೆಲ್ಲ ಅರ್ಧ ಬೆಳಗು ಮಷೀನಿಗಾಗಿ ಕಾಯುತ್ತಾರೆ, ಇದು ತಾನಾಗಿ ಆಗಬೇಕು ಎಂದರು. ಒಂದು ಆಜ್ಞೆ ಟೈಪ್ ಮಾಡಿದರೆ ಸಾಕು, ಬೇಕಾದ ಮಷೀನುಗಳೆಲ್ಲ ತಾವೇ ಹುಟ್ಟಿ, ಒಂದರ ಕೈ ಇನ್ನೊಂದು ಹಿಡಿದು, ಸಾಫ್ಟ್‌ವೇರ್ ಹಾಕಿಕೊಂಡು ಸಿದ್ಧವಾಗಿ ನಿಲ್ಲಬೇಕು. ಅದಕ್ಕೆ ಸ್ಕ್ರಿಪ್ಟ್, ಅಂದರೆ ಒಂದು ಪುಟ್ಟ ಪ್ರೋಗ್ರಾಮು, ಬರೆಯುವವನು ಕುಂಬಾರನೇ.

ಇವನೋ, ಹಬೆಯಾಡುವ ಕಾಫಿ ಪಕ್ಕದಲ್ಲೇ ಆರಿಹೋದರೂ ಗೊತ್ತಾಗದ ಹಾಗೆ ಬರೆಯಲು ಕೂತ. ಅಷ್ಟೊಂದು ಆಸಕ್ತಿ! ನಾನು ಒಳಗೊಳಗೇ ಹಲ್ಲು ಕಡಿದೆ. ಬರೆದು ಮುಗಿಸಿದ ದಿನವೇ ಆ ಮಾತು ಹೇಳಿದ್ದು, ಇನ್ನು ಬರುವುದು ಬೇಕಾಗಿಲ್ಲ ಎಂದು.

"ಒಳ್ಳೇದಾಯ್ತು ಬಿಡಿ," ಎಂದೆ. "ನನಗೂ ಇಲ್ಲಿಗೆ ಬಂದು ಬಂದು ಸಾಕಾಗಿತ್ತು."

ಅವನ ನಗು ಅಲ್ಲೇ ನಿಂತಿತು. ನಿಲ್ಲಲಿ ಎಂದುಕೊಂಡು ಹೊರಟುಬಂದೆ.

ಸ್ಕ್ರಿಪ್ಟನ್ನು ಎಲ್ಲರಿಗೂ ಕೊಡುವ ಮೊದಲು ಪರೀಕ್ಷಿಸಿ ಪಾಸ್ ಮಾಡುವ ಕೆಲಸ ನನಗೇ ಬಿತ್ತು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? ಮಷೀನು ಅರ್ಧ ಎದ್ದಾಗ ನೆಟ್‌ವರ್ಕ್ ಕಿತ್ತೆ. ಅದು ಕಾದು, ಮತ್ತೆ ಪ್ರಯತ್ನಿಸಿ, ಎದ್ದು ನಿಂತಿತು. ಒಂದೇ ಸಲಕ್ಕೆ ಎರಡೆರಡು ಓಡಿಸಿದೆ. ಒಂದರ ತಂಟೆಗೆ ಇನ್ನೊಂದು ಹೋಗಲಿಲ್ಲ. ನಡುವೆ ಕತ್ತು ಹಿಸುಕಿ ನಿಲ್ಲಿಸಿದೆ. ತನ್ನ ಕಸ ತಾನೇ ಗುಡಿಸಿಕೊಂಡು ಮೊದಲಿನಿಂದ ಶುರುಮಾಡಿತು. ಎದ್ದ ಮಷೀನಿನೊಳಗೆ ಹೊಕ್ಕು ನೋಡಿದರೆ ಕಣ್ಣಿಗೆ ಹಿತ, ಕೈಗೆ ಹಿತ. ಭೂತಗನ್ನಡಿ ಹಾಕಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಪಾಸ್ ಎಂದು ಬರೆದು ಕಳಿಸಿದೆ.

ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ನೀರಿಗೆ ಹೋಗುವಾಗ ಕೂಡ ಸುತ್ತು ಬಳಸಿ ಹೋದೆ.

ಸ್ಕ್ರಿಪ್ಟ್ ನನ್ನ ಕೈಯಲ್ಲೇ ಇತ್ತು, ಬೆಳಗ್ಗೆ ಕಾಯುವುದು ತಪ್ಪಿ ಸಂಜೆ ಮನೆಗೆ ಬೇಗ ಬರುತ್ತಿದ್ದೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು, ಬೆಳಕಿರುವಾಗಲೇ ಕೈಹಿಡಿದು ಬೀದಿಯಲ್ಲಿ ಒಂದಷ್ಟು ನಡೆಸಬೇಕಿತ್ತು. ಮೊದಲೆಲ್ಲ ನಾನು ಬರುವ ಹೊತ್ತಿಗೆ ಬೀದಿದೀಪ ಹತ್ತಿ, ಅಮ್ಮ ಬಾಗಿಲಲ್ಲಿ ಕಾದು ಸಾಕಾಗಿ ಒಳಗೆ ಹೋಗಿರುತ್ತಿದ್ದಳು.

"ಮಗಳು ಬೇಗ ಬಂದಳು ಅಂತ ಖುಷಿ ಪಡೋಣ ಅಂದ್ರೆ, ಮುಖ ಯಾಕೇ ಹೀಗೆ ಗಂಟು ಹಾಕ್ಕೊಂಡಿದ್ದೀಯ?" ಎಂದಳು ಅಮ್ಮ.

"ಆಫೀಸಲ್ಲಿ ಒಬ್ಬ ಇದಾನಮ್ಮ. ನಾನು ಅವನ ಹತ್ರ ಹೋಗಬಾರದು ಅಂತ ಒಂದು ಪ್ರೋಗ್ರಾಮೇ ಬರೆದಿದಾನೆ."

ಅಮ್ಮ ನಡೆಯುವುದನ್ನು ನಿಲ್ಲಿಸಿದಳು. "ನಿನ್ನ ದೂರ ಇಡೋಕೆ ಅಷ್ಟೊಂದು ಕಷ್ಟ ಯಾಕೆ ಪಡ್ತಾನೆ? ಸುಮ್ನೆ ಮುಖ ತಿರುಗಿಸ್ಕೊಂಡಿದ್ರೆ ಆಗಿತ್ತಲ್ಲ."

ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ನಡೆದಳು.

ವಾರದ ಕೊನೆಗೆ ಪಕ್ಕದ ಸೀಟಿನ ಗೆಳತಿ ಕಿವಿಯಲ್ಲಿ ಸುದ್ದಿ ಹಾಕಿದಳು. "ಕುಂಬಾರ ಹೊರಟನಂತೆ ಕಣೇ. ಇಲ್ಲಿ ಅವನಿಗಿನ್ನು ಕೆಲಸ ಇಲ್ಲವಲ್ಲ, ಬೇರೆ ಊರಿನ ಆಫೀಸಿಗೆ ಕರೀತಿದಾರೆ. ಹೋಗ್ತೀನಿ ಅಂದಿದಾನಂತೆ. ಸೋಮವಾರ ಮೇಡಂಗೆ ಕೊನೇ ಮಾತು ಹೇಳ್ಬೇಕಂತೆ."

ಪಾಸ್ ಮಾಡಿ ಅವನನ್ನು ಕಳಿಸಿದವಳು ನಾನೇ. ಅವನೆಂದರೆ ನನಗೆ ಪ್ರಾಣ ಎನ್ನುವುದು ಆಗ, ಗೆಳತಿಯ ಮುಂದೆ ತುಟಿ ಕಚ್ಚಿಕೊಂಡು ಕೂತಾಗ, ಸಂಶಯಕ್ಕೆ ಎಡೆಯಿಲ್ಲದಂತೆ ತಿಳಿಯಿತು. ತಿಳಿದು ಏನು ಬಂತು? ಬರಬೇಡ ಎಂದವನ ಹತ್ತಿರ ಹೋಗಬೇಡ ಎಂದು ಬೇಡುವುದು ಹೇಗೆ?

ಸೋಮವಾರ ಬೆಳಗ್ಗೆ ಸ್ಕ್ರಿಪ್ಟ್ ಎಲ್ಲರ ಕೈಗೆ ಬಂತು. ಸ್ವಲ್ಪ ಹೊತ್ತಿಗೇ ಗಲಾಟೆ ಎದ್ದಿತು.

"ಏನಿದು, ಈ ಗುಂಡಿ ಒತ್ತಿದ್ರೆ ಆ ಗುಂಡಿ ಕೆಲಸ ಆಗ್ತಿದೆ!" ಎಂದು ಗೆಳತಿ ಮೌಸನ್ನು ಮೇಜಿಗೆ ಕುಟ್ಟಿದಳು.

"ನನ್ನದೂ ಹಾಗೇ," ಎಂದ ಎದುರಿನ ಗಡ್ಡದವನು. "ಅಕ್ಷರ ಬೇರೆ ಅಂಗಡಿ ಬೋರ್ಡಿನಷ್ಟಿದೆ. ನಮ್ಮಜ್ಜಿಗೆ ಮಾಡಿದ್ದನ್ನ ನನಗೆ ಕೊಟ್ರಾ?"

ಮ್ಯಾನೇಜರಮ್ಮ ತಮ್ಮ ಗಾಜಿನ ಕೋಣೆಯಿಂದ ಹೊರಬಂದು ನೇರ ನನ್ನ ಮುಂದೆ ನಿಂತರು. "ನೀನೇ ಅಲ್ವಾ ಪಾಸ್ ಮಾಡಿದ್ದು? ಇಡೀ ಆಫೀಸಿಗೆ ಕಾಣೋದು ನಿನಗೆ ಹೇಗೆ ಕಾಣಿಸ್ಲಿಲ್ಲ?"

"ನನಗೆ ಎಲ್ಲ ಸರಿಯಾಗೇ ಇತ್ತು ಮೇಡಂ," ಎನ್ನುತ್ತಾ ತೋರಿಸಲು ಮೌಸು ಹಿಡಿದೆ. ಎಡಗೈಯಲ್ಲಿ.

ಎಲ್ಲರೂ ನನ್ನ ಕೈ ನೋಡಿದರು. ಆಮೇಲೆ, ಹೇಳಿಕೊಟ್ಟವರ ಹಾಗೆ, ಒಟ್ಟಿಗೆ ತಿರುಗಿ ಅವನನ್ನು ನೋಡಿದರು. ಅವನ ಕಿವಿ ಕೆಂಪಗಾಗಿತ್ತು.

"ಯಾರ ಮಷೀನನ್ನ ಅಚ್ಚಾಗಿ ಇಟ್ಕೊಂಡೆಯಪ್ಪಾ?" ಎಂದರು ಮ್ಯಾನೇಜರಮ್ಮ.

"ಸ್ಟ್ಯಾಂಡರ್ಡ್ ಮಷೀನೇ ಮೇಡಂ…"

"ಅದೇ, ಯಾರು ನಿನ್ನ ಸ್ಟ್ಯಾಂಡರ್ಡು?"

ಗಡ್ಡದವನು ಕೆಮ್ಮಿದ. ಮ್ಯಾನೇಜರಮ್ಮ ದೊಡ್ಡ ಮನಸ್ಸು ಮಾಡಿ, "ಊಟದೊಳಗೆ ಸರಿಮಾಡು" ಎಂದಷ್ಟೇ ಹೇಳಿ ಕೋಣೆಗೆ ಹೋದರು.

ನಾನು ಎದ್ದೆ. ಸುತ್ತು ಬಳಸದೆ ನೇರ ದಾರಿಯಲ್ಲೇ ನಡೆದು ಅವನ ಮೇಜಿನ ಮುಂದೆ ನಿಂತೆ.

"ಏನ್ರೀ ಇದು?"

"ತಪ್ಪಾಯ್ತು," ಎಂದ, ಕೀಬೋರ್ಡ್ ನೋಡುತ್ತಾ. "ದಿನಾ ಮಾಡಿ ಮಾಡಿ, ಮಷೀನು ಅಂದ್ರೆ ನಿಮ್ಮದು ಇರೋ ಹಾಗೇ ಇರುತ್ತೆ ಅನ್ಸಿಬಿಟ್ಟಿತ್ತು. ಬೇರೆಯವರೆಲ್ಲ ಬಲಗೈಯವರು ಅನ್ನೋದೇ ನೆನಪಿಗೆ ಬರ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆದರೂ ಬಿಡಲಿಲ್ಲ. "ಮತ್ತೆ ಬರೋದೇ ಬೇಡ ಅಂದ್ರಿ?"

"ಅಮ್ಮನ್ನ ಬೆಳಕಿರೋವಾಗ ನಡೆಸ್ಬೇಕು, ಇಲ್ಲಿ ಕಾದು ಕಾದು ಸಂಜೆ ಲೇಟಾಗುತ್ತೆ ಅಂತ ನೀವೇ ಗೊಣಗಿದ್ರಿ. ಅದಕ್ಕೇ ರಾತ್ರಿ ಹಗಲು ಕೂತು ಬರೆದೆ. ಮಷೀನಿಗೋಸ್ಕರ ಬರೋದು ಬೇಡ ಅಂದೆ, ಅಷ್ಟೇ. ಸುಮ್ನೆ ಬರ್ತೀರೇನೋ ಅಂದ್ಕೊಂಡಿದ್ದೆ." ಅವನು ತಲೆಯೆತ್ತಿದ. ಕಣ್ಣು ನಗಲಿಲ್ಲ. "ನೀವು ಈ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಬರೀ ಮಷೀನಿಗೇ ಬರ್ತಿದ್ರಿ ಅಂತ ಗೊತ್ತಾಯ್ತು."

ಇಬ್ಬರೂ ಎಂಥ ಬುದ್ಧಿವಂತರು! ಒಬ್ಬರು ಪ್ರೀತಿಯಿಂದ ಕಾಯಿಸುವುದನ್ನು ತಪ್ಪಿಸಿದರೆ, ಇನ್ನೊಬ್ಬರು ಕಾಯುವುದು ತಪ್ಪಿತಲ್ಲ ಎಂದು ಮುನಿಸಿಕೊಂಡರು.

"ನಾನು ಬರ್ತಿದ್ದಿದ್ದು ನಿಮಗೋಸ್ಕರ," ಎಂದೆ. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ, ಗಡ್ಡದವನಿಗೂ ಕೇಳಿಸಿತು. ಕೇಳಿಸಲಿ. "ಮಷೀನಿಲ್ದೆ ಇದ್ರೂ ಬರ್ತಿದ್ದೆ. ನೀವು ಹೋಗಬೇಡಿ."

"ಹೋಗ್ತೀನಿ ಅಂತ ಅಂದಾಗಿದೆ."

"ಇಲ್ಲ ಅನ್ನಿ."

"ಕಾರಣ ಕೇಳ್ತಾರೆ ರೀ. ಏನಂತ ಹೇಳ್ಲಿ?"

"ಮದುವೆ ಇದೆ ಅನ್ನಿ."

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. "ಯಾರದು?"

"ಅಷ್ಟೂ ನಾನೇ ಹೇಳ್ಬೇಕಾ? ಅದಕ್ಕೂ ಒಂದು ಸ್ಕ್ರಿಪ್ಟ್ ಬರೆದುಕೊಡ್ಲಾ?"

ಈಗ ಕಣ್ಣು ನಕ್ಕಿತು. ತುಟಿ ಈ ಸಲ ತಡಮಾಡಲಿಲ್ಲ. ಅವನು ಎದ್ದ, ಷರಟು ಸರಿಮಾಡಿಕೊಂಡ, ಗಾಜಿನ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದ.

ಒಳಗಿನ ಮಾತು ಹೊರಗೆ ಕೇಳಿಸದು. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಏನು ಹೇಳುತ್ತಿದ್ದಾನೋ, ಕೈ ಎಲ್ಲೆಲ್ಲೋ ಆಡುತ್ತಿತ್ತು. ಮ್ಯಾನೇಜರಮ್ಮ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು. ಆಮೇಲೆ ಅವನ ಭುಜದ ಪಕ್ಕದಿಂದ ಕತ್ತು ಬಾಗಿಸಿ ನನ್ನನ್ನು ನೋಡಿ, ಹೌದಾ ಎನ್ನುವಂತೆ ಹುಬ್ಬೇರಿಸಿದರು.

ಇಡೀ ಆಫೀಸು ಕೈಕೆಲಸ ಬಿಟ್ಟು ನನ್ನನ್ನೇ ನೋಡುತ್ತಿತ್ತು. ನಾನು ಹೌದು ಎಂದು ತಲೆಯಾಡಿಸಿದೆ.