ಕ್ರಿಸ್ತಪೂರ್ವದ ಒಂದು ವರ್ಷ

"ನಾ ತುಂಬಿದ ವರ್ಷಕ್ಕ ಕೈ ಹಚ್ಚಿದವ್ರು ಯಾರ್ರೀ?"

ಬಾಗಿಲಲ್ಲೇ ನಿಂತು, ಎದುರಿನ ಸ್ಕ್ರೀನ್ ನೋಡಿ ರೀನಾ ಕೇಳಿದಳು. ಜೊಯಿಡಾದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಕಾಲು ಸೋತಿದ್ದವು, ದನಿ ಮಾತ್ರ ಸೋತಿರಲಿಲ್ಲ.

ಹಳಿಯಾಳದ ಆ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಹೊಸಬನೊಬ್ಬ ಕಂಪ್ಯೂಟರಿನ ಮುಂದೆ ಬುತ್ತಿ ಬಿಚ್ಚಿ ಕುಳಿತಿದ್ದ. ಮುಂಡಗೋಡದ ತಾಂಡಾದ ಪರಶುರಾಮ. ರೊಟ್ಟಿ ಹಿಡಿದ ಕೈ ಅಲ್ಲೇ ನಿಂತಿತು.

"ನಾ ಏನೂ ಬದ್ಲಿ ಮಾಡಿಲ್ರಿ..."

"ಹಂಗಾದ್ರ ಇದೇನ್ರೀ? ಚೀಟಿ ಮ್ಯಾಲ ಈ ಗಡಿಗಿ ಕ್ರಿಸ್ತಪೂರ್ವ ಐವತ್ತು. ನಿಮ್ಮ ಸ್ಕ್ರೀನ್ ಮ್ಯಾಲ ಐವತ್ತೊಂದು!"

ಕಾಡಂಚಿನ ಹೊಲಗಳಲ್ಲಿ ಸಿಕ್ಕ ಗಡಿಗೆ, ಮಣಿ, ನಾಣ್ಯ... ಎಲ್ಲದರ ಕಾಲವನ್ನು ಕಂಪ್ಯೂಟರಿಗೆ ತುಂಬಿದವಳು ಅವಳು. ತುಂಬಿದ್ದನ್ನು ಹುಡುಕಿ ತೋರಿಸುವ ಪ್ರೋಗ್ರಾಮ್ ಅವನದು.

"ಮೊದಲ ಕುಂದರ್ರಿ. ನೀರು ಕುಡೀರಿ," ಎಂದ ಅವನು. "ಇದು ನಿಮ್ಮ ತಪ್ಪಲ್ಲ. ಇತಿಹಾಸದವ್ರ ಲೆಕ್ಕದಾಗ ಸೊನ್ನೆ ವರ್ಷ ಇಲ್ಲ. ಕ್ರಿಸ್ತಪೂರ್ವ ಒಂದು ಮುಗದ ಕೂಡ್ಲೆ ಕ್ರಿಸ್ತಶಕ ಒಂದು. ನೀವು ಹಂಗ ತುಂಬೀರಿ. ನನ್ನ ಪ್ರೋಗ್ರಾಮು ಹೊಸಾ ನಿಯಮದ್ದು, ಅದು ನಡುವ ಸೊನ್ನೆ ವರ್ಷನೂ ಎಣಸ್ತೈತಿ. ಅದಕ್ಕ ಕ್ರಿಸ್ತಪೂರ್ವಕ್ಕಂತ ನೀವು ಮೈನಸ್ ಐವತ್ತು ಕೊಟ್ರ, ಅದು ಕ್ರಿಸ್ತಪೂರ್ವ ಐವತ್ತೊಂದು ಅಂತ ಓದ್ತೈತಿ."

ರೀನಾ ಚೀಲ ಇಳಿಸಿ ಕುಳಿತಳು. 'ನಿಮ್ಮ ತಪ್ಪಲ್ಲ'... ಈ ಮಾತು ಕೇಳಿ ಎಷ್ಟು ಕಾಲವಾಗಿತ್ತು!

ಸಿದ್ದಿ ಕೇರಿಯ ಹುಡುಗಿ. ಗುತ್ತಿಗೆ ಕೆಲಸ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಏನು ಕೆಟ್ಟರೂ ಎಲ್ಲರೂ ಮೊದಲು ಅವಳತ್ತ ನೋಡುತ್ತಿದ್ದರು.

ಯಾವ ನಿಯಮ ಇಟ್ಟುಕೊಳ್ಳಬೇಕೆಂದು ಮುಖ್ಯಸ್ಥ ಮಹಾಬಳೇಶ್ವರ ತೀರ್ಮಾನಿಸಲೇ ಇಲ್ಲ. ತಿಂಗಳುಗಳು ಉರುಳಿದವು. ಪರಶುರಾಮನ ಬುತ್ತಿ ಇಬ್ಬರದಾಯಿತು. ಅವಳು ಮೇಜಿನ ಮೇಲೆ ತಲೆಯಿಟ್ಟರೆ ಅವನು ಸದ್ದಿಲ್ಲದೆ ಕಿಟಕಿ ಮುಚ್ಚುತ್ತಿದ್ದ.

'ಇವನ ಹತ್ತಿರ ಕೂತರೆ ಸಾಕು, ದಣಿವು ಅರ್ಧ ಇಳಿಯುತ್ತದೆ...' ಅಂದುಕೊಳ್ಳುತ್ತಿದ್ದಳು. ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಒಂದು ದಿನ ಮಹಾಬಳೇಶ್ವರ ಸಿಡುಕಿದರು. "ನಾಳೆ ದೊಡ್ಡವ್ರು ನೋಡಾಕ ಬರ್ತಾರ. ವರ್ಷ ತಪ್ಪು ಕಂಡ್ರ ನಿಮ್ಮಿಬ್ಬರಾಗ ಒಬ್ಬರು ಮನಿಗೆ!"

'ಪರಶುರಾಮನ ಕೆಲಸ ಹೋಗಬಾರದು...' ಅವನು ಚಹಾಕ್ಕೆ ಹೋದಾಗ ರೀನಾ ತನ್ನ ಐವತ್ತುಗಳನ್ನೆಲ್ಲ ನಲವತ್ತೊಂಬತ್ತು ಮಾಡಿದಳು. ಕ್ರಿಸ್ತಪೂರ್ವದ ಪ್ರತಿ ವರ್ಷದಿಂದಲೂ ಒಂದೊಂದು ಕಳೆದಳು. ಈಗ ಅವನ ಪ್ರೋಗ್ರಾಮ್ ಸರಿಯಾಗಿ ಐವತ್ತು ತೋರಿಸುತ್ತದೆ!

ಮರುದಿನ ಅತಿಥಿಗಳ ಮುಂದೆ ಸ್ಕ್ರೀನ್ ಬೆಳಗಿತು.

ಕ್ರಿಸ್ತಪೂರ್ವ ನಲವತ್ತೊಂಬತ್ತು!

"ಡೇಟಾ ಮುಟ್ಟಿದವ್ರು ಯಾರು?" ಮಹಾಬಳೇಶ್ವರ ಗದರಿದರು.

"ನಾನ ಸರ್..." ರೀನಾ ಪರಶುರಾಮನತ್ತ ನೋಡಿದಳು. ಅವನು ಸ್ಕ್ರೀನನ್ನೇ ದಿಟ್ಟಿಸುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಒಂದೇ ಒಂದು ಮಾತು ಆಡಬಾರದಿತ್ತೇ!

ಅವಳು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಅವನ ಫೋನ್ ಬಂದಾಗಲೆಲ್ಲ ಮೊಬೈಲ್ ಮಗುಚಿಟ್ಟಳು. ಸಿಟ್ಟು ಮಾಡಿಕೊಳ್ಳಲೂ ಶಕ್ತಿಯಿರಲಿಲ್ಲ.

ಮುಂದಿನ ವಾರ ತಾಯಿಗೆ ಔಷಧಿ ಕೊಂಡು ಜೊಯಿಡಾ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ, ಎದುರಿಗೆ ಪರಶುರಾಮ ಬಂದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು.

"ಯಾಕ ಬಂದ್ರಿ?"

"ಅವತ್ತ ನಾನೂ ತಿದ್ದಿದ್ದೆ ರೀನಾ."

ಅವಳು ತಲೆಯೆತ್ತಿದಳು.

"ನಿಮ್ಮ ಕೆಲಸ ಹೋಗಬಾರ್ದು ಅಂತ, ಸೊನ್ನೆ ವರ್ಷ ಎಣಸಬ್ಯಾಡ ಅಂತ ಪ್ರೋಗ್ರಾಮಿಗೆ ಹೇಳಿದ್ದೆ. ನೀವು ಒಂದು ಕಳದ್ರಿ, ನಾನೂ ಒಂದು ಕಳದೆ. ಅವತ್ತ ಏನಾತು ಅಂತ ತಿಳಿಯೂದ್ರಾಗ ನೀವು ಹೋಗಿಬಿಟ್ರಿ..."

ರೀನಾ ಔಷಧಿಯ ಚೀಲ ಪಕ್ಕಕ್ಕಿಟ್ಟಳು. "ನನ್ನ ಸಲುವಾಗಿ?"

"ಮತ್ಯಾರ ಸಲುವಾಗಿ? ಸರ್‌ಗೆ ಎಲ್ಲಾ ಹೇಳೇನಿ. ಇನ್ನ ಚೀಟಿ ಮ್ಯಾಲಿನ ವರ್ಷ ಇದ್ದಂಗ ಇರ್ತೈತಿ, ಯಾವ ನಿಯಮದ್ದು ಅಂತ ಪಕ್ಕದಾಗ ಬರದಿರ್ತೈತಿ. ನಿಮ್ಮನ್ನ ವಾಪಸ್ ಕರದಾರ."

"ನಂಗ ಭಾಳ ದಣಿವಾಗೇತಿ, ಪರಶುರಾಮ..." ಅಷ್ಟು ದಿನ ತಡೆದಿಟ್ಟ ಅಳು ಒತ್ತರಿಸಿ ಬಂತು.

ಅವನು ಪಕ್ಕದಲ್ಲಿ ಕುಳಿತ. "ನೀ ಇಲ್ದ ನಂಗ ತುತ್ತು ಇಳಿಯಂಗಿಲ್ಲ. ನಮ್ಮವ್ವಗ ನಿನ್ನ ವಿಷಯ ಹೇಳೇನಿ."

ಮೊದಲ ಸಲ 'ನೀ' ಅಂದಿದ್ದ!

"ಸಿದ್ದಿ ಹುಡುಗಿ ಅಂತ... ಹೇಳಿದೇನು?"

"ಹೇಳಿದೆ. ಬಡೀತಿದ್ದ ರೊಟ್ಟಿ ಹಂಚಿಗೆ ಹಾಕಿದ್ಲು. ಆಮ್ಯಾಲ, 'ಕರ್ಕೊಂಡ ಬಾ. ಮೊದಲ ಹೊಟ್ಟಿ ತುಂಬ ಉಣ್ಲಿ, ಒಂದು ನಿದ್ದಿ ಮಾಡ್ಲಿ. ಮಾತು ಆಮ್ಯಾಲ' ಅಂದ್ಲು."

ಅಳುತ್ತಲೇ ರೀನಾ ನಕ್ಕಳು. ತಲೆ ತಾನಾಗಿ ಅವನ ಹೆಗಲಿಗೆ ವಾಲಿತು.

"ಖರೇನ ನಿದ್ದಿ ಬಂದೈತಿ ನಂಗ."

"ಮಲ್ಕೊ."

"ಬಸ್ ಬಂದ್ರ?"

"ಹೋಗ್ಲಿ ಬಿಡು. ನಾ ಇಲ್ಲೇ ಇರ್ತೇನಿ."